ಹಳೆಯ ಲೈವ್ ರಾಕ್ ಮತ್ತೆ ಬಳಸುವಾಗ: ಕತ್ತಲ ತೊಟ್ಟಿಯೋ, ಬ್ಲೀಚೋ, ಆಸಿಡ್ಡೋ?

ಸಮುದ್ರದ ನೀರಿನ ಅಕ್ವೇರಿಯಂ ಮುಚ್ಚಿದಾಗ ಮೀನು, ಹವಳಗಳಿಗೆ ಬೇಗ ಮನೆ ಸಿಗುತ್ತದೆ. ಉಳಿಯುವುದು ಕಲ್ಲು. ಹದಿನೈದಿಪ್ಪತ್ತು ಕಿಲೋ ಲೈವ್ ರಾಕ್, ಅಂದರೆ ರಂಧ್ರಗಳ ತುಂಬ ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಮತ್ತು ಸಣ್ಣ ಜೀವಿಗಳು ನೆಲೆಸಿದ ಹವಳದ ಕಲ್ಲು, ಕ್ರೇಟಿನಲ್ಲಿ ತಾರಸಿಯ ಮೂಲೆ ಸೇರುತ್ತದೆ. ವರ್ಷವೆರಡು ವರ್ಷ ಕಳೆದ ಮೇಲೆ ಯಾರಾದರೂ ಅಗ್ಗಕ್ಕೆ ಕೊಂಡು ಹೋಗುತ್ತಾರೆ. ಕೊಂಡವರ ಮೊದಲ ಪ್ರಶ್ನೆ ಯಾವಾಗಲೂ ಒಂದೇ: ಇದನ್ನು ತೊಳೆಯುವುದು ಹೇಗೆ?

ಅಗ್ಗಕ್ಕೆ ಸಿಕ್ಕರೂ ಭಾರತದಲ್ಲಿ ಈ ಹಳೆಯ ಕಲ್ಲು ಅಮೂಲ್ಯ. ಬಂಡೆ ಕಟ್ಟುವ ಎಲ್ಲ ಹವಳಗಳೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಶಿಷ್ಟದಲ್ಲಿವೆ. ನೇತ್ರಾಣಿಯ ಸುತ್ತ ಇರಲಿ, ಮನ್ನಾರ್ ಕೊಲ್ಲಿಯಲ್ಲಿರಲಿ, ಲಕ್ಷದ್ವೀಪದಲ್ಲಿರಲಿ, ಹವಳದ ಕಲ್ಲನ್ನು ಕಿತ್ತು ತರುವುದು ಅಪರಾಧ. ದಡಕ್ಕೆ ಬಿದ್ದ ಸತ್ತ ಹವಳವನ್ನೂ ಹೊತ್ತು ತರಬೇಡಿ. ಈಗಾಗಲೇ ಹವ್ಯಾಸಿಗಳ ಕೈಯಲ್ಲಿರುವ ಒಳ್ಳೆಯ ಕಲ್ಲನ್ನು ಕೆಡಿಸದೆ ಮತ್ತೆ ಬಳಕೆಗೆ ತರುವುದು ಜೇಬಿಗೂ ಒಳ್ಳೆಯದು, ಕಡಲಿಗೂ ಒಳ್ಳೆಯದು.

ಕೊಳೆ ಮೂರು ಬಗೆ

ವಿಧಾನ ಆರಿಸುವ ಮೊದಲು ಕಲ್ಲಿನಲ್ಲಿ ಇರುವುದೇನು ಎಂದು ನೋಡಬೇಕು. ಹಳೆಯ ಕಲ್ಲಿನಲ್ಲಿ ಮೂರು ಬೇರೆ ಬೇರೆ ತೊಂದರೆಗಳಿರುತ್ತವೆ. ಯಾವ ಒಂದು ಮದ್ದೂ ಮೂರನ್ನೂ ಪೂರ್ತಿ ತೆಗೆಯುವುದಿಲ್ಲ.

ಮೊದಲನೆಯದು ಜೀವಂತ ಪೀಡೆ: ಐಪ್ಟೇಸಿಯಾ, ಮಜಾನೋ ಎಂಬ ಹೂವಿನಂಥ ಅನಿಮೋನ್‌ಗಳು, ಬ್ರಯಾಪ್ಸಿಸ್ ಎಂಬ ಗರಿಯಂಥ ಪಾಚಿ, ಗುಳ್ಳೆಪಾಚಿ, ಕೊಳವೆ ಕಟ್ಟಿಕೊಳ್ಳುವ ವರ್ಮೆಟಿಡ್ ಬಸವನಹುಳು. ಎರಡನೆಯದು ಸತ್ತ ಸಾವಯವ ವಸ್ತು: ರಂಧ್ರಗಳ ಒಳಗೆ ಒಣಗಿ ಕೂತ ಸ್ಪಂಜು, ಹುಳು, ಪಾಚಿ, ಮೀನಿನ ಹೇಲು. ಮೂರನೆಯದು ಕಲ್ಲಿಗೇ ಅಂಟಿದ ಖನಿಜ, ಮುಖ್ಯವಾಗಿ ಫಾಸ್ಫೇಟ್. ಲೈವ್ ರಾಕ್ ಎಂದರೆ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್, ನಮ್ಮ ಸುಣ್ಣದ ಕಲ್ಲಿನ ಬಳಗ. ನೀರಿನಲ್ಲಿ ಫಾಸ್ಫೇಟ್ ಹೆಚ್ಚಿದ್ದ ವರ್ಷಗಳಲ್ಲಿ ಅದರ ಮೈ ಫಾಸ್ಫೇಟನ್ನು ಹಿಡಿದಿಟ್ಟುಕೊಳ್ಳುತ್ತದೆ. ಹೊಸ ಟ್ಯಾಂಕಿನ ಶುದ್ಧ ನೀರಿಗೆ ಇಳಿಸಿದಾಗ ಹಿಡಿದಿದ್ದನ್ನು ತಿಂಗಳುಗಟ್ಟಲೆ ಬಿಡುತ್ತ ಹೋಗುತ್ತದೆ. ಎಷ್ಟೇ ನೀರು ಬದಲಿಸಿದರೂ ಕೂದಲು ಪಾಚಿ ಹೋಗುತ್ತಿಲ್ಲ ಎಂದು ಗೋಳಾಡುವ ಅನೇಕ ಟ್ಯಾಂಕ್‌ಗಳಲ್ಲಿ ಕಾರಣ ಇದೇ.

ಬ್ಲೀಚು ಮೊದಲೆರಡನ್ನು ತೆಗೆಯುತ್ತದೆ, ಮೂರನೆಯದನ್ನು ಬಿಡುತ್ತದೆ. ಆಸಿಡ್ ಮೂರನೆಯದರ ಮೇಲ್ಪದರವನ್ನು ತೆಗೆಯುತ್ತದೆ, ಆದರೆ ಒಳಗಿನ ಸಾವಯವ ಕಸಕ್ಕೆ ಅದರಿಂದ ಹೆಚ್ಚೇನೂ ಆಗದು. ಕತ್ತಲ ತೊಟ್ಟಿ ಎರಡನೆಯದನ್ನು ಚೆನ್ನಾಗಿ, ಮೂರನೆಯದನ್ನು ನಿಧಾನವಾಗಿ, ಮೊದಲನೆಯದರಲ್ಲಿ ಪಾಚಿಯನ್ನಷ್ಟೇ ತೆಗೆಯುತ್ತದೆ. ಆದರೆ ಕಲ್ಲಿನ ಬ್ಯಾಕ್ಟೀರಿಯಾವನ್ನು ಜೀವಂತ ಉಳಿಸುವ ವಿಧಾನ ಅದೊಂದೇ.

ಕತ್ತಲ ತೊಟ್ಟಿ: ಕಲ್ಲು ಇನ್ನೂ ಬದುಕಿದ್ದರೆ

ಓಡುತ್ತಿರುವ ಟ್ಯಾಂಕಿನಿಂದ ನೇರವಾಗಿ ಬಂದ, ಒಣಗದ ಕಲ್ಲು ನಿಮ್ಮ ಕೈಯಲ್ಲಿದ್ದು, ಅದರ ತೊಂದರೆ ಪಾಚಿ ಮತ್ತು ಕೊಳೆ ಮಾತ್ರವಾಗಿದ್ದರೆ ಬೇರೆ ಯಾವ ವಿಧಾನವನ್ನೂ ಯೋಚಿಸಬೇಡಿ. ಹವ್ಯಾಸಿಗಳು ಇದಕ್ಕೆ ಕುಕಿಂಗ್ ಎನ್ನುತ್ತಾರೆ. ಹೆಸರು ಕೇಳಿ ಒಲೆಯ ಮೇಲೆ ಇಟ್ಟವರಿದ್ದಾರೆ! ಇಲ್ಲಿ ಬೆಂಕಿಗೆ ಕೆಲಸವೇ ಇಲ್ಲ.

10 ಕಿಲೋ ಕಲ್ಲಿಗೆ 60 ಲೀಟರಿನ ಪ್ಲಾಸ್ಟಿಕ್ ಟಬ್, ಅದರಲ್ಲಿ 35ರಿಂದ 40 ಲೀಟರ್ ಉಪ್ಪುನೀರು, ಸಾಂದ್ರತೆ 1.025, ಉಷ್ಣತೆ 26 ಡಿಗ್ರಿಯ ಆಸುಪಾಸು. ಗಂಟೆಗೆ 1500ರಿಂದ 2000 ಲೀಟರ್ ತಳ್ಳುವ ಪವರ್‌ಹೆಡ್ (ನೀರಿನೊಳಗೆ ಇಡುವ ಪಂಪ್) ಒಂದು. ನೊರೆಯ ಜೊತೆ ಕೊಳೆಯನ್ನು ತೆಗೆಯುವ ಹಳೆಯ ಸ್ಕಿಮ್ಮರ್ ಇದ್ದರೆ ಅದೂ ಇರಲಿ. ಮೇಲೆ ಬೆಳಕು ತೂರದ ಮುಚ್ಚಳ, ಗಾಳಿಯಾಡಲು ಅಂಚಿನಲ್ಲಿ ಸಂದು. ಬೆಳಕಿಲ್ಲದೆ ಪಾಚಿ ಸಾಯುತ್ತದೆ. ಸತ್ತದ್ದನ್ನು ಬ್ಯಾಕ್ಟೀರಿಯಾ ತಿಂದು, ರಂಧ್ರಗಳೊಳಗಿನ ಕೊಳೆಯನ್ನು ಬೂದು ಬಣ್ಣದ ಹುಡಿಯಾಗಿ ಹೊರಗೆ ತಳ್ಳುತ್ತದೆ. ಈ ಹುಡಿಯನ್ನು ತೆಗೆಯುತ್ತಿರುವುದೇ ನಿಮ್ಮ ಕೆಲಸ.

ಮೊದಲ ಎರಡು ವಾರ ವಾರಕ್ಕೆ ಎರಡು ಸಲ, ಆಮೇಲೆ ವಾರಕ್ಕೊಮ್ಮೆ, ಒಂದೊಂದೇ ಕಲ್ಲನ್ನೆತ್ತಿ ಬಕೆಟ್ಟಿನ ಉಪ್ಪುನೀರಿನಲ್ಲಿ ಜೋರಾಗಿ ಅಲುಬಿ. ಟಬ್ಬಿನ ತಳದ ಹುಡಿಯನ್ನು ಪೈಪಿನಿಂದ ಎಳೆದು, ಹೊಸ ನೀರು ತುಂಬಿ, ಕಲ್ಲನ್ನು ಮತ್ತೆ ಇಳಿಸಿ. ನಲ್ಲಿಯ ಸಿಹಿನೀರಿನಲ್ಲಿ ತೊಳೆದರೆ ಉಳಿಸಲು ಹೊರಟ ಬ್ಯಾಕ್ಟೀರಿಯಾಕ್ಕೇ ಪೆಟ್ಟು. ಸಾಮಾನ್ಯ ಕಲ್ಲಿಗೆ 6ರಿಂದ 8 ವಾರ ಬೇಕು. ತೀರಾ ಕೊಳೆ ತುಂಬಿದ್ದಕ್ಕೆ ಮೂರು ನಾಲ್ಕು ತಿಂಗಳೂ ಆಗಬಹುದು. ಒಂದು ವಾರ ನೀರು ಬದಲಿಸದೆ ಬಿಟ್ಟಾಗಲೂ ತಳದಲ್ಲಿ ಹುಡಿ ಬೀಳದೆ, ಅಮೋನಿಯಾ ಸೊನ್ನೆಯಲ್ಲಿದ್ದು, ಫಾಸ್ಫೇಟ್ 0.1 ಪಿಪಿಎಂ (ಲೀಟರಿಗೆ 0.1 ಮಿಲಿಗ್ರಾಂ) ದಾಟದಿದ್ದರೆ ಕಲ್ಲು ಸಿದ್ಧ.

ನಿಜವಾದ ಖರ್ಚು ಉಪ್ಪಿನದು. 40 ಲೀಟರ್ ನೀರಿಗೆ ಹೆಚ್ಚುಕಡಿಮೆ ಒಂದೂವರೆ ಕಿಲೋ ಅಕ್ವೇರಿಯಂ ಉಪ್ಪು ಬೇಕು. ಹತ್ತು ಸಲ ಬದಲಿಸಿದರೆ 15 ಕಿಲೋ. ದೊಡ್ಡ ಟ್ಯಾಂಕ್ ಓಡುತ್ತಿದ್ದರೆ ಅದರಿಂದ ಪ್ರತಿ ವಾರ ತೆಗೆಯುವ ನೀರನ್ನೇ ಈ ಟಬ್ಬಿಗೆ ಹಾಕಿ, ಅರ್ಧಕ್ಕರ್ಧ ಉಳಿತಾಯವಾಗುತ್ತದೆ. ಮಂಗಳೂರು, ಕಾರವಾರದ ಕಡೆಯವರು ಕಡಲ ನೀರನ್ನೇ ತರಬಹುದು. ಬಂದರು ಮತ್ತು ಅಳಿವೆಯಿಂದ ದೂರ ತುಂಬಿಸಿ, ಪ್ರತಿ ಸಲ ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರಿನಲ್ಲಿ ನೋಡಿ. ಮಳೆಗಾಲದಲ್ಲಿ ನದಿಗಳ ನೀರು ಸೇರಿ ದಡದ ನೀರಿನ ಉಪ್ಪಿನಂಶ ಬಹಳ ಇಳಿಯುತ್ತದೆ.

ಈ ವಿಧಾನ ಕೆಡುವುದು ಹೆಚ್ಚಾಗಿ ಕರೆಂಟು ಹೋದಾಗ. ಕೊಳೆ ತಿನ್ನುವ ಬ್ಯಾಕ್ಟೀರಿಯಾ ಆಮ್ಲಜನಕವನ್ನು ಬೇಗ ಮುಗಿಸುತ್ತದೆ. ನೀರು ನಿಂತರೆ ಕೆಲವೇ ಗಂಟೆಗಳಲ್ಲಿ ಕೊಳೆತ ಮೊಟ್ಟೆಯ ವಾಸನೆ ಬಂದು, ಒಳ್ಳೆಯ ಜೀವಗಳೂ ಸಾಯುತ್ತವೆ. ಬ್ಯಾಟರಿಯ ಏರ್ ಪಂಪ್ ಒಂದನ್ನು ಪಕ್ಕದಲ್ಲಿಟ್ಟುಕೊಳ್ಳಿ.

ಕತ್ತಲಿಗೆ ಐಪ್ಟೇಸಿಯಾ ಜಗ್ಗುವುದಿಲ್ಲ. ಬಣ್ಣ ಕಳೆದುಕೊಂಡು, ಸಿಕ್ಕಿದ್ದನ್ನು ಹಿಡಿದು ತಿನ್ನುತ್ತ ಬದುಕಿ ಉಳಿಯುತ್ತದೆ. ಕಿತ್ತರೆ ಉಳಿದ ತುಣುಕೇ ಹೊಸದಾಗಿ ಬೆಳೆಯುತ್ತದೆ. ಒಂದೆರಡಿದ್ದರೆ ಸಿರಿಂಜಿನಲ್ಲಿ ಗಟ್ಟಿ ಸುಣ್ಣದ ಗಂಜಿಯನ್ನು ಅದರ ಬಾಯಿಗೇ ಹಾಕಿ ಮುಗಿಸಬಹುದು. ಕಲ್ಲಿನ ತುಂಬ ಇದ್ದರೆ ಬ್ಯಾಕ್ಟೀರಿಯಾದ ಆಸೆ ಬಿಟ್ಟು ಬ್ಲೀಚಿಗೆ ಹೋಗುವುದೇ ವಾಸಿ.

ಬ್ಲೀಚ್: ಒಣಗಿದ ಕಲ್ಲಿಗೆ, ಪೀಡೆ ತುಂಬಿದ ಕಲ್ಲಿಗೆ

ತಾರಸಿಯಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಕಲ್ಲಿನಲ್ಲಿ ಉಳಿಸಿಕೊಳ್ಳಬೇಕಾದ ಜೀವ ಏನೂ ಇಲ್ಲ. ಬಿಸಿಲಿಗೆ ಪೀಡೆಗಳೂ ಸತ್ತಿರುತ್ತವೆ. ಹಾಗೆಂದು ಒಣಗಿದ ಕಲ್ಲು ಶುದ್ಧವಾದ ಕಲ್ಲಲ್ಲ. ಒಳಗಿನ ಸಾವಯವ ವಸ್ತು ಒಣಮೀನಿನ ಹಾಗೆ ಕೆಡದೆ ಕೂತಿರುತ್ತದೆ, ನೀರು ತಾಗಿದ ಕೂಡಲೇ ಕೊಳೆಯತೊಡಗುತ್ತದೆ. ಬರೀ ಬಿಸಿಲಲ್ಲಿ ಒಣಗಿಸಿ ಟ್ಯಾಂಕಿಗೆ ಹಾಕಿದವರು ಮೊದಲ ವಾರವೇ ಅಮೋನಿಯಾ ಏರುವುದನ್ನು ನೋಡುತ್ತಾರೆ. ಇಂಥ ಕಲ್ಲಿಗೆ ಬ್ಲೀಚು ಸರಿಯಾದ ಮದ್ದು.

ಸೋಡಿಯಂ ಹೈಪೋಕ್ಲೋರೈಟ್ ಬಿಟ್ಟರೆ ಬೇರೇನೂ ಇಲ್ಲದ, ಸುವಾಸನೆ ಮತ್ತು ಸೋಪಿನಂಶ ಬೆರೆಸದ ದ್ರವವನ್ನೇ ಕೊಳ್ಳಿ. 20 ಕಿಲೋ ಕಲ್ಲಿಗೆ 40 ಲೀಟರ್ ನೀರು, ಅದಕ್ಕೆ 4 ಪ್ರತಿಶತದ ಬ್ಲೀಚ್ 4 ಲೀಟರ್. ದ್ರವ ಸಿಗದಿದ್ದರೆ ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರೂ ಆಗುತ್ತದೆ. ಅದರಲ್ಲಿ ಕ್ಲೋರಿನ್ ಸುಮಾರು 30 ಪ್ರತಿಶತ ಇರುವುದರಿಂದ ಅಷ್ಟೇ ನೀರಿಗೆ ಅರ್ಧ ಕಿಲೋ ಸಾಕು. ಪುಡಿಯನ್ನು ಬೇರೆ ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನು ಮಾತ್ರ ಬಸಿದು ಹಾಕಿ. ಇಲ್ಲದಿದ್ದರೆ ಆ ಸುಣ್ಣವೇ ರಂಧ್ರಗಳನ್ನು ಮುಚ್ಚುತ್ತದೆ. ಪೌಡರ್ ಹಳೆಯದಾದಷ್ಟೂ ಶಕ್ತಿ ಕಳೆದುಕೊಂಡಿರುತ್ತದೆ, ಮೂಗಿಗೆ ಘಾಟು ಹೊಡೆಯದ ಪ್ಯಾಕೆಟ್ ಕೆಲಸಕ್ಕೆ ಬಾರದು.

ಟಬ್ಬಿನಲ್ಲಿ ಹಳೆಯ ಪವರ್‌ಹೆಡ್ ಓಡುತ್ತಿರಲಿ. ನಿಂತ ನೀರಿನಲ್ಲಿ ಬ್ಲೀಚು ರಂಧ್ರದ ಬಾಯಲ್ಲೇ ಮುಗಿದುಹೋಗುತ್ತದೆ. 24ರಿಂದ 48 ಗಂಟೆಯಲ್ಲಿ ನೀರು ಚಹಾದ ಬಣ್ಣಕ್ಕೆ ತಿರುಗಿ ಕ್ಲೋರಿನ್ ವಾಸನೆ ಹೋಗಿದ್ದರೆ ಒಳಗೆ ಕಸ ಇನ್ನೂ ಇದೆ ಎಂದರ್ಥ. ಆ ನೀರನ್ನು ಪೂರ್ತಿ ಚೆಲ್ಲಿ ಹೊಸದಾಗಿ ಹಾಕಿ. ಅದಕ್ಕೇ ಮತ್ತಷ್ಟು ಬ್ಲೀಚ್ ಸುರಿಯಬೇಡಿ, ಸಾವಯವದಿಂದ ಬಿಡುಗಡೆಯಾದ ಫಾಸ್ಫೇಟ್ ಅದೇ ನೀರಿನಲ್ಲಿದ್ದು ಮತ್ತೆ ಕಲ್ಲಿಗೇ ಅಂಟುತ್ತದೆ. ಎರಡು ದಿನದ ನಂತರವೂ ನೀರು ತಿಳಿಯಾಗಿ, ವಾಸನೆ ಉಳಿದಿದ್ದರೆ ಮುಗಿಯಿತು. ಸಾಮಾನ್ಯವಾಗಿ ಎರಡು ಮೂರು ಸುತ್ತು, ಒಟ್ಟು ಒಂದು ವಾರ.

ಆಮೇಲೆ ಮೂರು ಸಲ ತೊಳೆದು, ಒಂದು ದಿನ ಸಿಹಿನೀರಿನಲ್ಲಿ ನೆನೆಸಿ. ಆರ್‌ಒ ಯಂತ್ರ ಹೊರಹಾಕುವ ನೀರನ್ನು ಈ ತೊಳೆಯುವ ಕೆಲಸಕ್ಕೆಲ್ಲ ಬಳಸಬಹುದು. ಕೊನೆಯ ನೆನೆಹಾಕುವಿಕೆಗೆ ಮಾತ್ರ ಶುದ್ಧ ಆರ್‌ಒ ನೀರು ಬೇಕು. ಉಳಿದ ಕ್ಲೋರಿನ್ನಿಗೆ ಸೋಡಿಯಂ ಥಯೋಸಲ್ಫೇಟ್, ಫೋಟೋ ತೊಳೆಯುವವರು ಹೈಪೋ ಎನ್ನುತ್ತಿದ್ದ ಹರಳು. 1 ಗ್ರಾಂ ಕ್ಲೋರಿನ್ನಿಗೆ 7 ಗ್ರಾಂ ಲೆಕ್ಕ ಹಿಡಿದರೆ ಕಡಿಮೆಯಾಗುವುದಿಲ್ಲ. ಈಜುಕೊಳದ ಕ್ಲೋರಿನ್ ಟೆಸ್ಟ್ ಕಿಟ್ಟಿನಲ್ಲಿ ಬಣ್ಣ ಬರುವುದು ನಿಲ್ಲುವವರೆಗೂ ನೆನೆಸಿ, ನಂತರ ಒಂದೆರಡು ವಾರ ಬಿಸಿಲಿಗಿಡಿ. ಬೆಂಗಳೂರಿನ ಮಾರ್ಚ್ ಬಿಸಿಲಿಗೆ ಇದು ಸಲೀಸು. ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಲ್ಲಿನ ಹೊಟ್ಟೆ ಒಣಗುವುದೇ ಇಲ್ಲ. ಆ ದಿನಗಳಲ್ಲಿ ಒಣಗಿಸುವುದನ್ನು ನೆಚ್ಚದೆ ಥಯೋಸಲ್ಫೇಟನ್ನು ನೆಚ್ಚಿ.

ಆಸಿಡ್: ಕಡೆಯ ಆಯ್ಕೆ

ಅನೇಕರು ಮೊದಲು ಕೈಹಾಕುವುದೇ ಆಸಿಡ್ಡಿಗೆ. ಬುರುಬುರು ನೊರೆ ಎದ್ದು ಕಲ್ಲು ಬೆಳ್ಳಗಾಗುವುದನ್ನು ನೋಡಿದರೆ ಕೆಲಸ ಆಯಿತು ಎನ್ನಿಸುತ್ತದೆ. ಆ ನೊರೆ ಕೊಳೆ ಹೋಗುವ ನೊರೆಯಲ್ಲ, ಕಲ್ಲೇ ಕರಗುವ ನೊರೆ.

ಲೆಕ್ಕ ಸರಳ. ಅಂಗಡಿಯ 32 ಪ್ರತಿಶತದ ಹೈಡ್ರೋಕ್ಲೋರಿಕ್ ಆಸಿಡ್ 1 ಲೀಟರ್ ಸುಮಾರು ಅರ್ಧ ಕಿಲೋ ಕಲ್ಲನ್ನು ಕರಗಿಸುತ್ತದೆ. 20 ಕಿಲೋ ಕಲ್ಲಿಗೆ 1 ಲೀಟರ್ ಬಳಸಿದರೆ ಎರಡೂವರೆ ಪ್ರತಿಶತ ಮೈ ಹೋಗುತ್ತದೆ. ಫಾಸ್ಫೇಟ್ ಹೆಚ್ಚಾಗಿರುವುದು ಮೇಲ್ಪದರದಲ್ಲೇ ಆದ್ದರಿಂದ ಇದರಿಂದ ನಿಜವಾದ ಲಾಭವಿದೆ. ಆದರೆ ವರ್ಷಗಟ್ಟಲೆ ಫಾಸ್ಫೇಟ್ ಕುಡಿದ ಕಲ್ಲಿನಲ್ಲಿ ಅದು ಒಳಗೂ ಇಳಿದಿರುತ್ತದೆ. ಅದನ್ನು ಅಟ್ಟಿಸಿಕೊಂಡು ಹೋದಷ್ಟೂ ಕಲ್ಲು ಸವೆಯುತ್ತದೆ. ತೆಳುವಾದ ಕೊಂಬೆ, ಹಾಳೆಗಳು ಮುರಿಯುತ್ತವೆ.

ಮಾಡಲೇಬೇಕಾದರೆ, ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಮೊದಲು 20 ಲೀಟರ್ ನೀರು, ಆಮೇಲೆ ಅದಕ್ಕೆ 1 ಲೀಟರ್ ಆಸಿಡ್. ಆಸಿಡ್ಡಿನ ಮೇಲೆ ನೀರು ಎಂದೂ ಸುರಿಯಬೇಡಿ, ಕುದಿದು ಮುಖಕ್ಕೆ ಸಿಡಿಯುತ್ತದೆ. ಕಲ್ಲನ್ನು ಒಂದೊಂದಾಗಿ ಇಳಿಸಿ, ಅರ್ಧ ಗಂಟೆಯಲ್ಲಿ ನೊರೆ ನಿಲ್ಲುತ್ತದೆ. ಉಳಿದ ನೀರಿಗೆ ಅಡುಗೆ ಸೋಡಾ ಹಾಕಿ ನೊರೆ ಬಾರದಿದ್ದರೆ ಆಸಿಡ್ ಮುಗಿದಿದೆ, ಚೆಲ್ಲಬಹುದು. ಕನ್ನಡಕ, ಉದ್ದನೆಯ ರಬ್ಬರ್ ಕೈಗವಸು, ತೆರೆದ ಜಾಗ, ಇವು ಮೂರೂ ಇಲ್ಲದೆ ಮುಚ್ಚಳ ತೆಗೆಯಬೇಡಿ. ಆಸಿಡ್ಡಿನ ಹಬೆ ಹತ್ತಿರದ ಕಬ್ಬಿಣದ ಗೇಟು, ಸ್ಕೂಟರಿಗೆ ತುಕ್ಕು ಹಿಡಿಸುತ್ತದೆ. ಶೌಚಾಲಯ ತೊಳೆಯುವ ಬಣ್ಣದ ದ್ರವಗಳಲ್ಲೂ ಇದೇ ಆಸಿಡ್ ಇದ್ದರೂ ಅವುಗಳಲ್ಲಿ ಸೋಪು, ಬಣ್ಣ ಸೇರಿರುತ್ತವೆ. ಕಲ್ಲಿಗೆ ಅವು ಬೇಡವೇ ಬೇಡ. 2013ರ ಸುಪ್ರೀಂ ಕೋರ್ಟ್ ಆದೇಶದ ನಂತರ ಆಸಿಡ್ ಮಾರುವವರು ಗುರುತಿನ ಚೀಟಿ ನೋಡಿ ದಾಖಲೆ ಇಡಬೇಕು, 18 ವರ್ಷದೊಳಗಿನವರಿಗೆ ಮಾರುವಂತಿಲ್ಲ. ಚೀಟಿ ತೆಗೆದುಕೊಂಡೇ ಅಂಗಡಿಗೆ ಹೋಗಿ.

ಬ್ಲೀಚು, ಆಸಿಡ್ ಎರಡನ್ನೂ ಬಳಸುವವರು ಇದನ್ನು ಎರಡು ಸಲ ಓದಬೇಕು: ಇವೆರಡು ಸೇರಿದರೆ ಕ್ಲೋರಿನ್ ಅನಿಲ ಹೊರಡುತ್ತದೆ, ಜೀವಕ್ಕೇ ಅಪಾಯ. ಮೊದಲು ಬ್ಲೀಚ್, ಪೂರ್ತಿ ತೊಳೆದು ಥಯೋಸಲ್ಫೇಟಿನಲ್ಲಿ ನೆನೆಸಿ ಒಣಗಿಸಿದ ಮೇಲಷ್ಟೇ ಆಸಿಡ್. ವಿನೆಗರ್ ಕೂಡ ಆಸಿಡ್ಡೇ. ಬಚ್ಚಲಿನಲ್ಲಿ ಬ್ಲೀಚ್ ನೀರು ಚೆಲ್ಲಿ, ಅದೇ ಹೊತ್ತಿಗೆ ಮನೆಯವರು ಅಲ್ಲಿ ಟಾಯ್ಲೆಟ್ ಕ್ಲೀನರ್ ಸುರಿದರೂ ಇದೇ ಅಪಾಯ. ಈ ಕೆಲಸ ತಾರಸಿ, ಅಂಗಳದಲ್ಲಿ ನಡೆಯಬೇಕು.

ವಿನೆಗರ್ ಸುರಕ್ಷಿತವಾದ ಬದಲಿ ಎಂದು ಹಲವರು ಹೇಳುತ್ತಾರೆ. ಸುರಕ್ಷಿತ ಹೌದು, ಬದಲಿ ಅಲ್ಲ. 5 ಪ್ರತಿಶತದ ವಿನೆಗರ್ 1 ಲೀಟರ್ ಕರಗಿಸುವುದು ಹೆಚ್ಚೆಂದರೆ 40 ಗ್ರಾಂ ಕಲ್ಲು. 1 ಲೀಟರ್ ಆಸಿಡ್ಡಿನ ಕೆಲಸಕ್ಕೆ 12 ಲೀಟರ್ ವಿನೆಗರ್ ಬೇಕು. ಪಂಪು, ಹೀಟರಿನ ಮೇಲಿನ ಸುಣ್ಣದ ಪದರ ತೆಗೆಯಲು ಅದನ್ನು ಇಟ್ಟುಕೊಳ್ಳಿ. ಹೈಡ್ರೋಜನ್ ಪೆರಾಕ್ಸೈಡ್ ಕೂಡ ಸಣ್ಣ ಕೆಲಸದ್ದೇ. ಒಂದೆರಡು ಕಡೆ ಪಾಚಿ ಹಿಡಿದ ಕಲ್ಲನ್ನು ಹೊರತೆಗೆದು 3 ಪ್ರತಿಶತದ ದ್ರವವನ್ನು ಹಚ್ಚಿ, ಕೆಲವು ನಿಮಿಷ ಬಿಟ್ಟು ಉಪ್ಪುನೀರಿನಲ್ಲಿ ತೊಳೆದರೆ ಪಾಚಿ ಸಾಯುತ್ತದೆ, ಉಳಿದ ಕಲ್ಲಿಗೆ ಹಾನಿಯಿಲ್ಲ.

ಫಾಸ್ಫೇಟಿಗೆ ಆಸಿಡ್ಡಿಗಿಂತ ಒಳ್ಳೆಯ ದಾರಿ

ಬ್ಲೀಚ್ ಮುಗಿದು ಶುದ್ಧವಾದ ಕಲ್ಲನ್ನು 10 ಕಿಲೋಗೆ 20 ಲೀಟರಿನಂತೆ ಉಪ್ಪುನೀರಿನಲ್ಲಿ 7 ದಿನ ಪಂಪ್ ಓಡಿಸಿ ಇಡಿ. ಆಮೇಲೆ ಫಾಸ್ಫೇಟ್ ಅಳೆಯಿರಿ. ಈ ಅಳತೆಯನ್ನು ಬ್ಲೀಚಿಗೆ ಮುಂಚೆ ಮಾಡಿದರೆ ಕೊಳೆಯುತ್ತಿರುವ ಕಸದ ಫಾಸ್ಫೇಟೂ ಸೇರಿ ಅಂಕಿ ದಾರಿ ತಪ್ಪಿಸುತ್ತದೆ. 0.1ರ ಒಳಗಿದ್ದರೆ ಇನ್ನೇನೂ ಬೇಡ. 0.5ರವರೆಗಿದ್ದರೆ ಟ್ಯಾಂಕಿನಲ್ಲೇ ಫಾಸ್ಫೇಟ್ ಹೀರುವ ಕಬ್ಬಿಣದ ಆಕ್ಸೈಡಿನ ಹರಳುಗಳನ್ನು ಇಟ್ಟು ನಿಭಾಯಿಸಬಹುದು. ಅದಕ್ಕಿಂತ ಮೇಲಿದ್ದರೆ ನಮ್ಮ ಆಯ್ಕೆ ಲ್ಯಾಂಥನಂ ಕ್ಲೋರೈಡ್.

ಈಜುಕೊಳದ ಸಾಮಾನು ಮಾರುವವರ ಬಳಿ ಇದು ಫಾಸ್ಫೇಟ್ ರಿಮೂವರ್ ಎಂಬ ಹೆಸರಿನಲ್ಲಿ ಸಿಗುತ್ತದೆ. ಒಳಗಿರುವುದು ಲ್ಯಾಂಥನಂ ಕ್ಲೋರೈಡೇ ಹೌದೋ ಎಂದು ಲೇಬಲ್ ನೋಡಿ. 1 ಮಿಲಿಗ್ರಾಂ ಫಾಸ್ಫೇಟನ್ನು ಹಿಡಿಯಲು ಸುಮಾರು ಒಂದೂವರೆ ಮಿಲಿಗ್ರಾಂ ಲ್ಯಾಂಥನಂ ಬೇಕು. ಆರ್‌ಒ ನೀರಿನಲ್ಲಿ ತೆಳುಮಾಡಿ, 10 ಮೈಕ್ರಾನಿನ ಫಿಲ್ಟರ್ ಚೀಲದೊಳಗೆ ಹನಿಹನಿಯಾಗಿ ಬಿಡಿ. ಹಾಲಿನಂಥ ಬಿಳಿ ಹುಡಿಯಾಗಿ ಫಾಸ್ಫೇಟ್ ಚೀಲದಲ್ಲಿ ನಿಲ್ಲುತ್ತದೆ. ಮಾರನೆಯ ದಿನ ಕಲ್ಲು ಮತ್ತಷ್ಟು ಬಿಟ್ಟು ಅಂಕಿ ಏರಿರುತ್ತದೆ, ಮತ್ತೆ ಹಾಕಬೇಕು. ಕಲ್ಲು ಬಿಟ್ಟಷ್ಟನ್ನೂ ನೀರಿನಿಂದ ತೆಗೆಯುತ್ತ ಹೋದರೆ ಎರಡು ಮೂರು ವಾರದಲ್ಲಿ ಏರಿಕೆ ಸಣ್ಣದಾಗುತ್ತದೆ. ಕಲ್ಲಿನ ಒಂದು ಗ್ರಾಮೂ ಸವೆಯುವುದಿಲ್ಲ. ಈ ಹುಡಿ ಮೀನಿನ ಕಿವಿರಿಗೆ ಕೆಟ್ಟದ್ದು, ನೀರಿನ ಕ್ಷಾರತೆಯನ್ನೂ ಇಳಿಸುತ್ತದೆ. ಆದ್ದರಿಂದ ಮೀನಿಲ್ಲದ ಟಬ್ಬಿನಲ್ಲೇ ಮಾಡಿ.

ಯಾವ ಮದ್ದೂ ಬೇಡದ, ಯಾವ ಮದ್ದೂ ಸಾಲದ ಕಲ್ಲುಗಳು

ಬಿಳಿಚುಕ್ಕೆ ರೋಗಕ್ಕೆಂದು ಮೈಲುತುತ್ತ ಅಥವಾ ಬೇರೆ ತಾಮ್ರದ ಔಷಧಿ ಹಾಕಿದ್ದ ಟ್ಯಾಂಕಿನ ಕಲ್ಲು ತಾಮ್ರವನ್ನು ಹೀರಿಕೊಂಡಿರುತ್ತದೆ. ಬ್ಲೀಚು ಅದನ್ನು ತೆಗೆಯದು, ಆಸಿಡ್ ಮೇಲ್ಪದರವನ್ನಷ್ಟೇ ತೆಗೆದೀತು. ಮೀನಿನ ಔಷಧಿಯ ಪ್ರಮಾಣಕ್ಕಿಂತ ಎಷ್ಟೋ ಕಡಿಮೆ ತಾಮ್ರ ಸಿಗಡಿ, ಬಸವನಹುಳು, ಹವಳಗಳನ್ನು ಕೊಲ್ಲುತ್ತದೆ. ಕೊಡುವವರನ್ನು ನೇರವಾಗಿ ಕೇಳಿ. ಉತ್ತರ ಸಮಾಧಾನ ತರದಿದ್ದರೆ ವಾರ ನೆನೆಸಿ ತಾಮ್ರದ ಪರೀಕ್ಷೆ ಮಾಡಿ. ಸುಳಿವು ಕಂಡರೆ ಆ ಕಲ್ಲು ಮೀನು ಮಾತ್ರ ಇರುವ ಟ್ಯಾಂಕಿಗೆ ಹೋಗಲಿ.

ಕಲ್ಲನ್ನು ಕುದಿಸುವುದು, ಓವನ್ನಿನಲ್ಲಿಡುವುದು ಬೇಡ. ಕಲ್ಲಿಗೆ ಅಂಟಿ ಬೆಳೆಯುವ, ಅಂಗಿಯ ಗುಂಡಿಯಂಥ ಹವಳದ ಬಳಗದ ಜೀವಿಗಳಾದ ಝೋವಾಂಥಿಡ್, ಪ್ಯಾಲಿಥೋವಾಗಳಲ್ಲಿ ಪ್ಯಾಲಿಟಾಕ್ಸಿನ್ ಎಂಬ ಭಯಂಕರ ವಿಷ ಇರಬಹುದು. ಬಿಸಿಗೆ ಅದು ಸುಲಭವಾಗಿ ನಾಶವಾಗುವುದಿಲ್ಲ, ಹಬೆಯ ಜೊತೆ ಮೇಲೆದ್ದು ಇಡೀ ಮನೆಯವರನ್ನು ಆಸ್ಪತ್ರೆಗೆ ಕಳಿಸಿದ ಪ್ರಕರಣಗಳಿವೆ. ಅದೇ ಕಾರಣಕ್ಕೆ ಇವುಗಳಿರುವ ಕಲ್ಲಿಗೆ ಪ್ರೆಷರ್ ವಾಷರ್ ಹೊಡೆಯಬಾರದು. ಕುಂಚದಲ್ಲಿ ಉಜ್ಜುವಾಗಲೂ ಕಣ್ಣಿಗೆ ಸಿಡಿಯದಂತೆ ಕನ್ನಡಕ, ಕೈಗವಸು ಇರಲಿ. ಬೆರಳಲ್ಲಿ ಗಾಯವಿದ್ದರೆ ಆ ದಿನ ಮುಟ್ಟದಿರುವುದೇ ಒಳಿತು.

ಓಡುವ ಟ್ಯಾಂಕಿನ ಕಲ್ಲನ್ನೇ ಶುದ್ಧಮಾಡುವುದಾದರೆ ಒಮ್ಮೆಗೇ ಎಲ್ಲವನ್ನೂ ತೆಗೆಯಬೇಡಿ. ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾದ ಮನೆಯೇ ಅದು. ಮೂರನೆಯ ಒಂದು ಭಾಗ ತೆಗೆದು, ಮೂರು ನಾಲ್ಕು ವಾರ ಬಿಟ್ಟು ಇನ್ನೊಂದು ಭಾಗ.

ಮತ್ತೆ ಜೀವ ತುಂಬುವುದು

ಬ್ಲೀಚ್ ಕಂಡ ಕಲ್ಲು ಈಗ ಬರೀ ಕಲ್ಲು. ಟ್ಯಾಂಕಿಗೆ ಹಾಕಿ, ನಂಬಿಕೆಯ ಟ್ಯಾಂಕಿನಿಂದ ಪೀಡೆಯಿಲ್ಲದ ಒಂದು ಕಿಲೋ ಜೀವಂತ ಕಲ್ಲು ಅಥವಾ ಬಾಟಲಿ ಬ್ಯಾಕ್ಟೀರಿಯಾ ಸೇರಿಸಿ. ತಿನ್ನಲು ಅಮೋನಿಯಾ ಬೇಕು. 100 ಲೀಟರಿಗೆ 0.63 ಗ್ರಾಂ ಅಮೋನಿಯಂ ಕ್ಲೋರೈಡ್ ಹಾಕಿದರೆ 2 ಪಿಪಿಎಂ ಆಗುತ್ತದೆ. ಪಾತ್ರೆಗೆ ಕಲಾಯಿ ಹಾಕುವವರ ನವಸಾಗರ ಇದೇ ವಸ್ತು, ಆದರೆ ಅದರ ಶುದ್ಧತೆ ನಂಬುವಂತಿಲ್ಲ, ಪ್ರಯೋಗಾಲಯದ ದರ್ಜೆಯದನ್ನೇ ಕೊಳ್ಳಿ. ದೀಪ ಆರಿಸಿಯೇ ಇರಲಿ. ಹಾಕಿದ 2 ಪಿಪಿಎಂ 24 ಗಂಟೆಯಲ್ಲಿ ಮಾಯವಾಗಿ, ನೈಟ್ರೈಟ್ ಕೂಡ ಸೊನ್ನೆಗಿಳಿಯುವವರೆಗೆ ನಾಲ್ಕರಿಂದ ಆರು ವಾರ ಹಿಡಿಯಬಹುದು. ಅವಸರಕ್ಕೆ 5 ಪಿಪಿಎಂ ಮೀರಿ ಅಮೋನಿಯಾ ಹಾಕಿದರೆ ಬ್ಯಾಕ್ಟೀರಿಯಾದ ಬೆಳವಣಿಗೆಯೇ ಕುಂಟುತ್ತದೆ. ಆಮೇಲೆ ಅರ್ಧ ನೀರು ಬದಲಿಸಿ ಒಂದೆರಡು ಮೀನು ಬಿಡಿ.

ಮೊದಲ ಎರಡು ಮೂರು ತಿಂಗಳು ಡಯಾಟಮ್ ಎಂಬ ಕಂದು ಪಾಚಿ ಬಂದು ಹೋಗುತ್ತದೆ, ಅದಕ್ಕೆ ಹೆದರಿ ಕಲ್ಲನ್ನು ಮತ್ತೆ ಹೊರಗೆ ತೆಗೆಯಬೇಡಿ. ವಾರಕ್ಕೊಮ್ಮೆ ಫಾಸ್ಫೇಟ್ ಅಳೆದು 0.03ರಿಂದ 0.1ರ ನಡುವೆ ಹಿಡಿದಿಡಿ. ಸೊನ್ನೆಗೆ ಇಳಿಸುವ ಹುಮ್ಮಸ್ಸು ಬೇಡ. ಹೊಸದಾಗಿ ಶುದ್ಧಮಾಡಿದ ಕಲ್ಲಿನ ಟ್ಯಾಂಕಿನಲ್ಲಿ ಫಾಸ್ಫೇಟ್, ನೈಟ್ರೇಟ್ ಎರಡೂ ಸೊನ್ನೆಯಾದರೆ ಅಂಟಂಟಾದ, ಗುಳ್ಳೆ ಹಿಡಿದ ಕಂದು ಎಳೆಗಳ ಡೈನೋಫ್ಲಾಜೆಲೇಟ್ ಎಂಬ ಸೂಕ್ಷ್ಮಜೀವಿ ಆ ಖಾಲಿ ಜಾಗ ಹಿಡಿಯುತ್ತದೆ, ಅದನ್ನು ಓಡಿಸುವುದು ಕೂದಲು ಪಾಚಿಗಿಂತ ಎಷ್ಟೋ ಕಷ್ಟ. ಹಾಗೆ ಸೊನ್ನೆಗೆ ಬಂದಿದ್ದರೆ ಕಬ್ಬಿಣದ ಆಕ್ಸೈಡನ್ನು ತೆಗೆದು, ಮೀನಿಗೆ ಊಟವನ್ನು ತುಸು ಹೆಚ್ಚಿಸಿ.